24 ಮಕ್ಕಳಿಗೆ ಇಬ್ಬರು ಶಿಕ್ಷಕರು: ಆದರೂ ಕಲಿಕೆ ಏಕೆ ಹಿಂದೆ?

ಪ್ರಶ್ನೆ: ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಐದನೇ ತರಗತಿವರೆಗೆ 24 ಮಕ್ಕಳು, ಇಬ್ಬರು ಶಿಕ್ಷಕರು. ಪೇಟೆಯಲ್ಲಿ ಒಂದೇ ತರಗತಿಗೆ 40 ಮಕ್ಕಳಿರುತ್ತಾರೆ. ಹಾಗಿದ್ದರೆ ನಮ್ಮ ಮಕ್ಕಳೇ ಮುಂದಿರಬೇಕಲ್ಲವೇ?

ಉತ್ತರ: ಒಬ್ಬರಿಗೆ 12 ಮಕ್ಕಳು ಎನ್ನುವ ಲೆಕ್ಕ ಸರಿಯೇ. ಆದರೆ ಪಾಠದ ಸಮಯ ಹಂಚಿಹೋಗುವುದು ತರಗತಿಗಳ ಲೆಕ್ಕದಲ್ಲಿ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಬೋಧನಾ ಗಂಟೆ. ಅಂದರೆ ದಿನಕ್ಕೆ ನಾಲ್ಕು ಗಂಟೆ. ಐದೂ ತರಗತಿಗೆ ಬೇರೆ ಬೇರೆ ಪಾಠ ಮಾಡಹೊರಟರೆ, ಇಬ್ಬರೂ ಇದ್ದ ದಿನ ಒಂದು ತರಗತಿಗೆ ಸಿಗುವುದು 96 ನಿಮಿಷ. ಒಬ್ಬರು ಸಭೆಗೋ ತರಬೇತಿಗೋ ಹೋದರೆ 48 ನಿಮಿಷ, ಅದೂ ಎಲ್ಲ ವಿಷಯ ಸೇರಿ. ಉಳಿದ ಹೊತ್ತಿನಲ್ಲಿ ಮಗು ಏನು ಮಾಡುತ್ತದೆ ಎಂಬುದರ ಮೇಲೆ ಇಂಥ ಶಾಲೆಯ ಕಲಿಕೆ ನಿಂತಿದೆ.

ಹುದ್ದೆಗಳ ವಿಷಯ ಹೀಗಿದೆ: ಕಾಯ್ದೆಯ ಅನುಸೂಚಿಯಂತೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ನೋಡುವುದು ಒಟ್ಟು ದಾಖಲಾತಿಯನ್ನು. ಹಾಗಾಗಿ ತರಗತಿಗೊಬ್ಬರು ಬೇಕೆಂಬ ಮನವಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮನ್ನಣೆ ಸಿಗುವುದಿಲ್ಲ. ಇರುವ ಎರಡರಲ್ಲಿ ಒಂದು ಹುದ್ದೆ ಖಾಲಿಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸುಮ್ಮನೆ ಕೂರಬಾರದು. ಠರಾವು ಮಾಡಿ, ದಾಖಲಾತಿ ವಿವರ ಲಗತ್ತಿಸಿ, ಹುದ್ದೆ ತುಂಬುವವರೆಗೆ ಅತಿಥಿ ಶಿಕ್ಷಕರನ್ನು ಕೊಡಿ ಎಂದು ಬರೆದೇ ಕೇಳಬೇಕು. ಬಾಯಿಮಾತಿನ ಬೇಡಿಕೆಗೆ ದಾಖಲೆ ಉಳಿಯುವುದಿಲ್ಲ.

ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ ಇದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಲಿಕಾ ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತುತ್ತಾರೆ. ಸುಗ್ಗಿಯಲ್ಲಿ ವಾರ ತಪ್ಪಿಸಿಕೊಂಡ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಕಾರ್ಡು ಹರಿದೋ ಕಳೆದೋ ಹೋಗಿ ಹೊಸದು ಬಾರದಿದ್ದರೆ ಆ ಮೆಟ್ಟಿಲಿನಲ್ಲೇ ಮಕ್ಕಳು ನಿಂತುಬಿಡುತ್ತಾರೆ.

ನಾಲ್ಕು ಮತ್ತು ಐದನೇ ತರಗತಿಯೇ ನಿಜವಾದ ಕಷ್ಟದ ಜಾಗ. ಇಲ್ಲಿ ಎರಡಕ್ಕೂ ಒಂದೇ ವಿಷಯ, ಬೇರೆ ಆಳ ಎಂದು ಹೊಂದಿಸಿಕೊಳ್ಳುವುದು ಒಳ್ಳೆಯದು. ಭಿನ್ನರಾಶಿಯನ್ನೇ ತೆಗೆದುಕೊಳ್ಳಿ. ಮೊದಲ ಹತ್ತು ನಿಮಿಷ ಎಲ್ಲರೂ ಕಾಗದದ ಪಟ್ಟಿಯನ್ನು ಅರ್ಧ, ಕಾಲು, ಎಂಟನೇ ಒಂದು ಭಾಗವಾಗಿ ಮಡಚುತ್ತಾರೆ. ಮುಂದಿನ ಹದಿನೈದು ನಿಮಿಷ ಐದನೆಯವರು 3/8, 1/2, 3/4 ಇವನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಕಾರಣ ಬರೆಯುತ್ತಾರೆ; ಶಿಕ್ಷಕರು ನಾಲ್ಕನೆಯವರ ಜೊತೆ ಕೂರುತ್ತಾರೆ. ಆಮೇಲೆ ಅದಲುಬದಲು: ನಾಲ್ಕನೆಯವರು ಚಿತ್ರಕ್ಕೆ ಬಣ್ಣ ತುಂಬುವಾಗ ಐದನೆಯವರ ಉತ್ತರ ನೋಡುವುದು.

ಇದು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಕೊಟ್ಟ ಕೆಲಸ ಐದೇ ನಿಮಿಷಕ್ಕೆ ಮುಗಿದರೆ ಗಲಾಟೆ ಶುರು. ಗಲಾಟೆಗೆ ಹೆದರಿ ‘ಪಾಠ ನೋಡಿ ಬರೆಯಿರಿ’ ಎಂದರೆ ಕೋಣೆ ಶಾಂತವಾಗುತ್ತದೆ, ಕಲಿಕೆಯೂ ನಿಲ್ಲುತ್ತದೆ. ಅದಕ್ಕೇ ಗಂಟೆ ಹೊಡೆಯುವ ಮೊದಲೇ ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ, ಎರಡೂ ತರಗತಿಯ ಕೆಲಸ ಬರೆದಿಡಬೇಕು. ಬೇಗ ಮುಗಿಸುವವರಿಗೆ ಕೊನೆಯಲ್ಲೊಂದು ಹೆಚ್ಚಿನ ಲೆಕ್ಕ.

ಪೋಷಕರು ನೋಟ್‌ಬುಕ್ ತೆರೆದು ನೋಡಿ. ಪುಟಗಟ್ಟಲೆ ನಕಲು ಬರಹವೇ ಇದ್ದು, ಮಗು ತಾನೇ ಯತ್ನಿಸಿದ, ಶಿಕ್ಷಕರು ತಿದ್ದಿದ ಉತ್ತರಗಳು ಕಾಣದಿದ್ದರೆ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ಅದನ್ನೇ ಕೇಳಿ.