ಬೆನ್ನುಹುರಿಯ ಮೇಲೆ ಕೊಬ್ಬಿನ ಒತ್ತಡ: ಎಪಿಡ್ಯೂರಲ್ ಲಿಪೊಮಟೋಸಿಸ್

ಬೆನ್ನುಹುರಿಯನ್ನು ಸುತ್ತುವರಿದ ಡ್ಯೂರಾ ಪೊರೆಗೂ ಬೆನ್ನೆಲುಬಿನ ನಾಳದ ಗೋಡೆಗೂ ನಡುವೆ ಎಲ್ಲರಲ್ಲೂ ಸ್ವಲ್ಪ ಕೊಬ್ಬು ಇರುತ್ತದೆ. ಅದು ಅತಿಯಾಗಿ ಬೆಳೆದು ಬೆನ್ನುಹುರಿಯನ್ನೋ ನರಬೇರುಗಳನ್ನೋ ಅದುಮುವುದೇ ಈ ಕಾಯಿಲೆ. ಇದು ಗೆಡ್ಡೆಯಲ್ಲ, ಕವಚವಿಲ್ಲದ ಮಾಮೂಲಿ ಕೊಬ್ಬು. 1975ರಲ್ಲಿ ಮೊದಲು ವರದಿಯಾದದ್ದು ಮೂತ್ರಪಿಂಡ ಕಸಿಯಾಗಿ ಸ್ಟೀರಾಯ್ಡ್ ಸೇವಿಸುತ್ತಿದ್ದ ರೋಗಿಯಲ್ಲಿ. ಸ್ಟೀರಾಯ್ಡ್ ಜೊತೆಗೆ ಬೊಜ್ಜು, ಕುಶಿಂಗ್ ಸಿಂಡ್ರೋಮ್ (ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನ್ ಅತಿಯಾಗುವ ಸ್ಥಿತಿ) ಕೂಡ ಕಾರಣವಾಗುತ್ತವೆ. ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ.

ನನ್ನ ಪ್ರಕಾರ ರೋಗನಿರ್ಣಯದ ಅರ್ಧ ಭಾಗ ವಿಚಾರಣೆಯಲ್ಲೇ ಇದೆ. ಬೆಂಗಳೂರಿನ ಹೊರರೋಗಿ ವಿಭಾಗದಲ್ಲಿ "ಸ್ಟೀರಾಯ್ಡ್ ತೆಗೆದುಕೊಳ್ಳುತ್ತೀರಾ?" ಎಂದರೆ "ಇಲ್ಲ ಡಾಕ್ಟರೇ" ಎಂಬ ಉತ್ತರವೇ ಬರಬಹುದು. "ಉಬ್ಬಸಕ್ಕೆ, ಕೀಲುನೋವಿಗೆ ಯಾವ ಮಾತ್ರೆ ನುಂಗುತ್ತೀರಿ ಅಮ್ಮಾ, ತೋರಿಸಿ" ಎಂದು ಕೇಳಿ. ಕೈಚೀಲದಿಂದ ಹಳೆಯ ಚೀಟಿಯ ಜೊತೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಸ್ಟ್ರಿಪ್ ಹೊರಬಂದರೆ ಆಶ್ಚರ್ಯವಿಲ್ಲ.

ವಯಸ್ಕರಲ್ಲಿ ಹುರಿ ಸಾಮಾನ್ಯವಾಗಿ ಸೊಂಟದ ಮೊದಲೆರಡು ಬೆನ್ನುಮೂಳೆಗಳ, ಅಂದರೆ ಎಲ್‌1–ಎಲ್‌2 ಮಟ್ಟದಲ್ಲಿ ಮುಗಿಯುತ್ತದೆ. ಹಾಗಾಗಿ ಕೊಬ್ಬು ಎದೆಮಟ್ಟದಲ್ಲಿ ಹುರಿಯನ್ನು ಒತ್ತಿದರೆ ಕಾಲು ಬಿಗಿಯಾಗುತ್ತದೆ, ರಿಫ್ಲೆಕ್ಸ್ ಚುರುಕಾಗುತ್ತದೆ, ಅಂಗಾಲನ್ನು ಗೀರಿದಾಗ ಹೆಬ್ಬೆರಳು ಮೇಲಕ್ಕೇಳುತ್ತದೆ. ಸೊಂಟದಲ್ಲಿ ನರಬೇರುಗಳನ್ನು ಒತ್ತಿದರೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಕಾಲು ಸೋಲುತ್ತದೆ, ಕೆ.ಆರ್. ಮಾರುಕಟ್ಟೆಯಲ್ಲಿ ತಳ್ಳುಗಾಡಿಯ ಮೇಲೆ ಬಾಗಿ ನಿಂತರೆ ಹಾಯೆನಿಸುತ್ತದೆ.

ಎಂಆರ್‌ಐಯಲ್ಲಿ ಕೊಬ್ಬು ಟಿ1 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕೆಲವು ದಿನಗಳ ಹಿಂದಿನ ರಕ್ತಸ್ರಾವವೂ ಹಾಗೆಯೇ ಕಾಣಬಹುದು. ಕೊಬ್ಬಿನ ಹೊಳಪನ್ನು ಅಡಗಿಸುವ ಚಿತ್ರದಲ್ಲಿ ಕೊಬ್ಬು ಮಾತ್ರ ಕಪ್ಪಾಗುತ್ತದೆ. ಈ ಹೋಲಿಕೆಯನ್ನು ಬಿಡಲೇಬೇಡಿ. ಕೊಬ್ಬಿನ ದಪ್ಪ 7 ಮಿ.ಮೀ. ಮೀರಿದರೆ ಅನುಮಾನ ಬಲವಾಗುತ್ತದೆ. ಸೊಂಟದ ಅಡ್ಡಕೊಯ್ತದಲ್ಲಿ ಹಿಂಡಿಹೋದ ಡ್ಯೂರಾ ಚೀಲ ಇಂಗ್ಲಿಷಿನ 'ವೈ' ಅಕ್ಷರದಂತೆ ಕಾಣುವುದುಂಟು. ಆದರೆ ಯಾವ ತೊಂದರೆಯೂ ಇಲ್ಲದವರಲ್ಲೂ ಕೊಬ್ಬು ಹೆಚ್ಚಿರಬಹುದು. ಲಕ್ಷಣದ ಮಟ್ಟ ಚಿತ್ರದ ಮಟ್ಟಕ್ಕೆ ಹೊಂದದಿದ್ದರೆ ತಪ್ಪನ್ನು ಕೊಬ್ಬಿನ ಮೇಲೆ ಹೊರಿಸಬೇಡಿ.

ಲಕ್ಷಣ ಸೌಮ್ಯವಾಗಿದ್ದರೆ ತೂಕ ಇಳಿಸುವುದು ಮತ್ತು ಸ್ಟೀರಾಯ್ಡ್ ತಗ್ಗಿಸುವುದು ಮೊದಲ ದಾರಿ. ತಗ್ಗಿಸುವುದು ಹಂತಹಂತವಾಗಿ, ಬರೆದುಕೊಟ್ಟ ವೈದ್ಯರೊಡನೆ ಮಾತನಾಡಿಯೇ ಆಗಬೇಕು. ಒಮ್ಮೆಲೇ ನಿಲ್ಲಿಸಿದರೆ ಅಡ್ರಿನಲ್ ಗ್ರಂಥಿ ಕೈಕೊಟ್ಟು ಪ್ರಾಣಕ್ಕೇ ಕುತ್ತು ಬರಬಹುದು. ಸ್ಟೀರಾಯ್ಡೇ ಈ ಕೊಬ್ಬನ್ನು ಬೆಳೆಸುವುದರಿಂದ, ನೋವಿಗೆಂದು ಎಪಿಡ್ಯೂರಲ್ (ಡ್ಯೂರಾದ ಹೊರಗಿನ ಜಾಗಕ್ಕೆ) ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವ ಮುನ್ನ ಎರಡು ಬಾರಿ ಯೋಚಿಸಿ.

ಕಾಲಿನ ಬಲ ಕುಗ್ಗುತ್ತಾ ಹೋದರೆ ಲ್ಯಾಮಿನೆಕ್ಟಮಿ ಮಾಡಿ, ಅಂದರೆ ಬೆನ್ನುಮೂಳೆಯ ಹಿಂಭಾಗದ ಕಮಾನನ್ನು ತೆಗೆದು, ಕೊಬ್ಬನ್ನು ತೆಗೆಯುತ್ತಾರೆ. ಮೂತ್ರ ಕಟ್ಟಿದರೆ ಅದು ತುರ್ತು, ಮರುದಿನಕ್ಕೆ ಮುಂದೂಡುವಂತಿಲ್ಲ. ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದವರಲ್ಲಿ ಗಾಯ ಬೇಗ ಮಾಗುವುದಿಲ್ಲ, ಸೋಂಕಿನ ಭಯವೂ ಹೆಚ್ಚು. ಇದನ್ನು ಮನೆಯವರಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಬೇಕು.