ಸ್ಮಾಲ್ ಎಸ್ಟೇಟ್ ಅಫಿಡವಿಟ್

ಅಮೆರಿಕದಲ್ಲಿ ಒಬ್ಬರು ತೀರಿಕೊಂಡರೆ, ಅವರೊಬ್ಬರ ಹೆಸರಿನಲ್ಲೇ ಇದ್ದ ಆಸ್ತಿ ಸಾಮಾನ್ಯವಾಗಿ ಪ್ರೊಬೇಟ್ ನ್ಯಾಯಾಲಯದ (ಮೃತರ ಉಯಿಲು, ಆಸ್ತಿಯ ವಿಷಯ ನೋಡುವ ನ್ಯಾಯಾಲಯ) ಮೂಲಕವೇ ವಾರಸುದಾರರ ಕೈಸೇರುತ್ತದೆ. ಉಯಿಲಿನ ಸಿಂಧುತ್ವ, ಆಡಳಿತಗಾರರ ನೇಮಕ, ಸಾಲ ಕೊಟ್ಟವರಿಗೆ ನೋಟಿಸ್, ಬಾಕಿಯ ಪಾವತಿ, ಕೊನೆಗೆ ಹಂಚಿಕೆ: ತಿಂಗಳುಗಟ್ಟಲೆ ಎಳೆಯುವ ಕೆಲಸ. ಬ್ಯಾಂಕಿನಲ್ಲಿ ಕೆಲವೇ ಸಾವಿರ ಡಾಲರ್ ಬಿಟ್ಟುಹೋದವರ ಕುಟುಂಬವನ್ನೂ ಇದೇ ದಾರಿಯಲ್ಲಿ ನಡೆಸುವುದು ಅನ್ಯಾಯ. ಅಂಥವರಿಗಾಗಿಯೇ ರಾಜ್ಯಗಳ ಕಾನೂನಿನಲ್ಲಿ ಸ್ಮಾಲ್ ಎಸ್ಟೇಟ್ ಅಫಿಡವಿಟ್ ಎಂಬ ಈ ಒಳದಾರಿ ಇದೆ.

ಆಸ್ತಿಗೆ ತಾನೇ ಹಕ್ಕುದಾರ ಎಂದು ಪ್ರಮಾಣ ಮಾಡಿ ಬರೆದ ಹೇಳಿಕೆಯೇ ಈ ಅಫಿಡವಿಟ್. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮರಣ ಪ್ರಮಾಣಪತ್ರದೊಂದಿಗೆ ನೇರವಾಗಿ ಬ್ಯಾಂಕಿಗೆ ಕೊಡಬಹುದು. ನ್ಯಾಯಾಧೀಶರ ಮುಂದೆ ನಿಲ್ಲಬೇಕಿಲ್ಲ. ಆದರೆ ಸಾವಿನ ನಂತರ 40 ದಿನ ಕಾಯಬೇಕು. 2025ರ ಏಪ್ರಿಲ್ 1ರಿಂದೀಚಿನ ಸಾವುಗಳಿಗೆ ಅಲ್ಲಿ ಆಸ್ತಿಯ ಮೌಲ್ಯದ ಮಿತಿ 2,08,850 ಡಾಲರ್. ಟೆಕ್ಸಾಸ್‌ನಲ್ಲಿ ಮಿತಿ 75,000 ಡಾಲರ್, ಉಯಿಲು ಇರಬಾರದು, ನ್ಯಾಯಾಧೀಶರ ಒಪ್ಪಿಗೆಯೂ ಬೇಕು. ನ್ಯೂಯಾರ್ಕ್‌ನಲ್ಲಿ ಮಿತಿ 50,000 ಡಾಲರ್. ಅರ್ಜಿಯನ್ನು ನ್ಯಾಯಾಲಯಕ್ಕೇ ಕೊಡಬೇಕು, ಶುಲ್ಕ ಮಾತ್ರ ಒಂದೇ ಡಾಲರ್.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಮೃತರ ಒಟ್ಟು ಸಂಪತ್ತನ್ನು ಕೂಡಿಸಿ, ಮಿತಿ ಮೀರಿತೆಂದು ಕೈಚೆಲ್ಲಿ, ಬೇಡದ ಪ್ರೊಬೇಟ್‌ಗೆ ಹಣ ಸುರಿಯುತ್ತಾರೆ. ಫಲಾನುಭವಿಯ ಹೆಸರು ನಮೂದಾಗಿರುವ ಜೀವವಿಮೆ, ನಿವೃತ್ತಿ ಖಾತೆ, ಬದುಕುಳಿದವರಿಗೆ ತಾನಾಗಿ ಸೇರುವ ಜಂಟಿ ಖಾತೆ ಇವೆಲ್ಲ ಪ್ರೊಬೇಟ್‌ನ ಹೊರಗೇ ಸಾಗುತ್ತವೆ. ಸಾಮಾನ್ಯವಾಗಿ ಅವು ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಐದು ಲಕ್ಷ ಡಾಲರಿನ ವಿಮೆ ಇದ್ದವರ ಆಸ್ತಿಯೂ ಕಾನೂನಿನ ಕಣ್ಣಿಗೆ ಸಣ್ಣದೇ ಆಗಿರಬಹುದು! ಮೊದಲು ಪ್ರತಿ ಖಾತೆಯ ಕಾಗದ ತೆಗೆದು ಫಲಾನುಭವಿ ಯಾರೆಂದು ನೋಡಿ; ವಕೀಲರನ್ನು ಹುಡುಕುವುದು ಆಮೇಲೆ.

ಮನೆ, ಜಮೀನಿನ ಮಾತು ಬೇರೆ. ಅನೇಕ ರಾಜ್ಯಗಳಲ್ಲಿ ಅವು ಈ ಅಫಿಡವಿಟ್‌ನಿಂದ ವರ್ಗವಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೃತರು ವಾಸವಿದ್ದ ಮನೆ 7,50,000 ಡಾಲರಿನೊಳಗಿದ್ದರೆ ಅದಕ್ಕೆ ಬೇರೆಯೇ ಅರ್ಜಿಯಿದೆ.

ಇನ್ನು, ಸಹಿ ಹಾಕಿದವರ ಹೊಣೆ. ಸುಳ್ಳು ಬರೆದರೆ ಅದು ಸುಳ್ಳು ಪ್ರಮಾಣದ ಅಪರಾಧ. ಬಂದ ಹಣವೂ ಪೂರ್ತಿಯಾಗಿ ತಮ್ಮದೆಂದು ತಿಳಿಯುವಂತಿಲ್ಲ: ಮೃತರ ಸಾಲಕ್ಕೆ ಆ ಹಣ ಬಾಧ್ಯವಾಗಿಯೇ ಇರುತ್ತದೆ, ಬೇರೆ ವಾರಸುದಾರರಿದ್ದರೆ ಅವರ ಪಾಲನ್ನೂ ಕೊಡಬೇಕು. ಅಂತ್ಯಸಂಸ್ಕಾರದ ಖರ್ಚು, ಆಸ್ಪತ್ರೆಯ ಬಿಲ್ಲು, ಕೊನೆಯ ವರ್ಷದ ಆದಾಯ ತೆರಿಗೆ ಇತ್ಯರ್ಥವಾಗುವ ತನಕ ಅದನ್ನು ಹಂಚದೆ ಪ್ರತ್ಯೇಕ ಖಾತೆಯಲ್ಲಿ ಇಟ್ಟುಕೊಳ್ಳಿ.