ಗಾಡಿ ಕಂಡರೆ ಸಾಲದು, ಅದೇ ಗಾಡಿ ಅಂತ ಗೊತ್ತಾಗಬೇಕು

ಟ್ರಾಫಿಕ್ ವಿಡಿಯೋದಲ್ಲಿ ಗಾಡಿ ಎಣಿಸಬೇಕು, ಗಾಡಿ ಗುರುತಿಸಲು ಯಾವ ಎಐ ಮಾಡೆಲ್ ಬಳಸಲಿ ಅಂತ ತುಂಬಾ ಜನ ಕೇಳುತ್ತಾರೆ. ನಾನು ಮಾತ್ರ ಮೊದಲು ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ, ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತದೆ ಅಂತ ವಿಚಾರಿಸುತ್ತೇನೆ.

ಕ್ಯಾಮೆರಾ ಅಲ್ಲಾಡದಿದ್ದರೆ ಹಳೆಯ ವಿಧಾನವೇ ಸಾಕಷ್ಟು ಕೆಲಸ ಮಾಡುತ್ತದೆ. ಖಾಲಿ ರಸ್ತೆ ಹೇಗಿರುತ್ತದೆ ಅಂತ ಪ್ರತಿ ಪಿಕ್ಸೆಲ್‌ಗೂ ಒಂದು ಅಂದಾಜು ಇಟ್ಟುಕೊಂಡು, ಅದಕ್ಕೆ ಹೊಂದದ ಪಿಕ್ಸೆಲ್‌ಗಳನ್ನು ಗಾಡಿ ಅಂತ ಎತ್ತಿಕೊಳ್ಳುವುದು. 1999ರಲ್ಲಿ ಸ್ಟಾಫರ್ ಮತ್ತು ಗ್ರಿಮ್ಸನ್ ಎಂಬ ಸಂಶೋಧಕರು ಒಂದೊಂದು ಪಿಕ್ಸೆಲ್‌ಗೂ ಹಲವು ಗಾಸಿಯನ್‌ಗಳನ್ನು, ಅಂದರೆ ಒಂದೇ ಬಣ್ಣದ ಬದಲು ಹಲವು ಬಣ್ಣಗಳ ಅಂದಾಜನ್ನು, ಕೊಟ್ಟರು, ಅದರಿಂದ ಅಲುಗುವ ಎಲೆ, ನಿಧಾನಕ್ಕೆ ಬದಲಾಗುವ ಬೆಳಕು ಇಂಥವನ್ನೂ ತಡೆದುಕೊಳ್ಳುವಂತಾಯಿತು. ಆದರೆ ನೆರಳೂ ಗಾಡಿಯ ಜೊತೆಗೇ ಓಡುತ್ತದಲ್ವಾ? ಅಕ್ಕಪಕ್ಕದ ಎರಡು ಕಾರು ನೆರಳಿನಿಂದ ಅಂಟಿಕೊಂಡು ಒಂದೇ ಆಗಿಬಿಡುತ್ತವೆ. ಓಪನ್‌ಸಿವಿ ಎಂಬ ಉಚಿತ ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಇದೇ ಬಗೆಯ ಎಂಒಜಿ2 ವಿಧಾನವಿದೆ, ಅದು ನೆರಳಿಗೆ 127ರ ಬೂದು ಬಣ್ಣ ಕೊಡುತ್ತದೆ, ಆ ಬೂದನ್ನು ತೆಗೆದೇ ಮುಂದೆ ಹೋಗಿ. ಇನ್ನೊಂದು ತೊಂದರೆ ಸಿಗ್ನಲ್‌ನಲ್ಲಿ. ಜಾಸ್ತಿ ಹೊತ್ತು ನಿಂತ ಗಾಡಿ ಮೆಲ್ಲಗೆ ರಸ್ತೆಯ ಭಾಗವಾಗಿ ಮರೆಯಾಗುತ್ತದೆ, ಹೊರಟ ಮೇಲೆ ಖಾಲಿ ಜಾಗವೇ ಗಾಡಿಯಂತೆ ಕಾಣುತ್ತದೆ. ಅಂಥ ಕಡೆ ಯೋಲೋ ತರದ ಡಿಟೆಕ್ಟರ್, ಅಂದರೆ ಗಾಡಿಯ ರೂಪ ಕಲಿತು ಪ್ರತಿ ಫ್ರೇಮಿನಲ್ಲೂ ಅದರ ಸುತ್ತ ಬಾಕ್ಸ್ ಹಾಕುವ ಮಾಡೆಲ್, ಬೇಕೇ ಬೇಕು.

ಗಾಡಿ ಹುಡುಕಿದ್ದಾಯಿತು ಅಂದುಕೊಳ್ಳಿ. ಈ ಫ್ರೇಮಿನ ಕಾರೇ ಮುಂದಿನ ಫ್ರೇಮಿನ ಕಾರು ಅಂತ ಹೇಳುವುದು ಹೇಗೆ? 2016ರ ಸಾರ್ಟ್ ವಿಧಾನ ಇದನ್ನು ಸರಳವಾಗಿ ಮಾಡುತ್ತದೆ: ಹಿಂದಿನ ಚಲನೆಯಿಂದ ಮುಂದಿನದನ್ನು ಲೆಕ್ಕ ಹಾಕುವ ಕಾಲ್ಮನ್ ಫಿಲ್ಟರ್‌ನಿಂದ ಗಾಡಿ ಮುಂದೆ ಎಲ್ಲಿರಬಹುದು ಅಂತ ಊಹಿಸಿ, ಆ ಬಾಕ್ಸ್ ಹೊಸ ಬಾಕ್ಸ್‌ಗಳ ಮೇಲೆ ಎಷ್ಟು ಕೂರುತ್ತದೆ ನೋಡಿ, ಒಟ್ಟಾರೆ ಅತ್ಯುತ್ತಮ ಜೋಡಿಗಳನ್ನು ಆರಿಸುವ ಹಂಗೇರಿಯನ್ ಅಲ್ಗಾರಿದಮ್‌ನಿಂದ ಜೋಡಿ ಮಾಡುತ್ತದೆ. ಫ್ರೇಮ್ ರೇಟ್ ಮುಖ್ಯವಾಗುವುದು ಇಲ್ಲೇ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ, ಸೆಕೆಂಡಿಗೆ 25 ಫ್ರೇಮ್ ಇದ್ದರೆ, ಒಂದು ಫ್ರೇಮಿಗೆ ಸುಮಾರು 67 ಸೆಂಟಿಮೀಟರ್ ಸರಿಯುತ್ತದೆ. ಜೋಡಿ ಮಾಡುವುದು ಸುಲಭ. ಸ್ಟೋರೇಜ್ ಉಳಿಸೋಣ ಅಂತ 5 ಫ್ರೇಮಿಗೆ ಇಳಿಸಿದರೆ 3.3 ಮೀಟರ್ ಹಾರುತ್ತದೆ. 4 ಮೀಟರ್ ಉದ್ದದ ಕಾರು ಹೇಗೋ ಅಂಚಿನಲ್ಲಿ ತಾಗುತ್ತದೆ, ಬೈಕ್ ತಾಗುವುದೇ ಇಲ್ಲ. ಫಿಲ್ಟರ್ ವೇಗ ಕಲಿಯುವ ಮೊದಲೇ ಜಾಡು ತಪ್ಪಿ, ಅದೇ ಬೈಕ್‌ಗೆ ಹೊಸ ಐಡಿ (ಗುರುತಿನ ಸಂಖ್ಯೆ) ಸಿಗುತ್ತದೆ. ಮಾಡೆಲ್ ಎಷ್ಟು ದೊಡ್ಡದಾದರೂ ಇದು ಸರಿಹೋಗುವುದಿಲ್ಲ.

ಬಸ್ಸಿನ ಹಿಂದೆ ಮರೆಯಾಗುವ ಬೈಕ್‌ನದೂ ಇದೇ ಕಥೆ. ಅರ್ಧ ಕಾಣುವ ಬೈಕ್‌ಗೆ ಡಿಟೆಕ್ಟರ್ ಕಡಿಮೆ ಅಂಕ (ಇದು ಗಾಡಿಯೇ ಅನ್ನುವ ಖಾತ್ರಿಯ ಅಳತೆ) ಕೊಡುತ್ತದೆ, ನಾವು ಅದನ್ನು ಸುಮ್ನೆ ಎಸೆದುಬಿಡುತ್ತೇವೆ. ಬೈಟ್‌ಟ್ರ್ಯಾಕ್ ಎಂಬ ಇನ್ನೊಂದು ಜಾಡು ಹಿಡಿಯುವ ವಿಧಾನ ಅಂಥವನ್ನೂ ಇಟ್ಟುಕೊಂಡು ಎರಡನೇ ಸುತ್ತಿನಲ್ಲಿ ಹಳೆಯ ಜಾಡುಗಳಿಗೆ ಹೊಂದಿಸಿ ನೋಡುತ್ತದೆ, ಈ ಯೋಚನೆ ನನಗೆ ತುಂಬಾ ಇಷ್ಟ. ಆದರೂ ಕ್ಯಾಮೆರಾವನ್ನು ಎತ್ತರಕ್ಕೇರಿಸಲು ಸಾಧ್ಯವಿದ್ದರೆ ಮೊದಲು ಅದನ್ನೇ ಮಾಡಿ, ಮೇಲಿನಿಂದ ನೋಡಿದರೆ ಮರೆಯಾಗುವುದೇ ಕಡಿಮೆ.

ಪರೀಕ್ಷಿಸುವಾಗ ಒಟ್ಟು ಲೆಕ್ಕ ಸರಿಬಂತು ಅಂತ ನಂಬಬೇಡಿ. ಒಂದು ಗಾಡಿ ಬಿಟ್ಟು, ಇನ್ನೊಂದನ್ನು ಎರಡು ಸಲ ಎಣಿಸಿದರೂ ಒಟ್ಟು ಸರಿಯಾಗೇ ಬರುತ್ತದೆ. ಹಗಲು, ರಾತ್ರಿ, ಮಳೆ, ಮೂರರಲ್ಲೂ ಸ್ವಲ್ಪ ಸ್ವಲ್ಪ ವಿಡಿಯೋ ತೆಗೆದುಕೊಂಡು, ಪ್ರತಿ ಗಾಡಿಯ ಐಡಿ ಬಂದಾಗಿನಿಂದ ಹೋಗುವವರೆಗೆ ಒಂದೇ ಇದೆಯಾ ಅಂತ ಕಣ್ಣಿಂದಲೇ ನೋಡಿ.